ನೀರು ಹಿಡಿಯಬೇಕು, ಆಮೇಲೆ ಕೊಳೆಯಬೇಕು

ಚಳ್ಳಕೆರೆ, ಹಿರಿಯೂರು ಕಡೆಯ ಕೆಂಪು ನೆಲದಲ್ಲಿ ಮಳೆ ಬರುವುದೇ ಕಡಿಮೆ. ಬಂದದ್ದೂ ನೆಲದಲ್ಲಿ ನಿಲ್ಲುವುದಿಲ್ಲ. ಈ ಎರಡನೆಯ ಸಂಕಟಕ್ಕೆ ಏನಾದರೂ ಮಾಡಬಹುದೇ ಎಂದು ಪ್ರಯೋಗ ನಡೆಸುವ ತಾಣವೊಂದು ಆ ಸೀಮೆಯಲ್ಲಿದೆ. ಮಣ್ಣಿಗೆ ಬೆರೆಸಿದರೆ ಮಳೆನೀರನ್ನು ಹೀರಿ ಹಿಡಿದುಕೊಂಡು, ಬೆಳೆ ಮುಗಿದ ಮೇಲೆ ತಾನೂ ಕೊಳೆತು ಮಣ್ಣಾಗುವ ಪದಾರ್ಥಗಳನ್ನು ಅಲ್ಲಿ ತಯಾರಿಸುತ್ತಾರೆ, ಅಳೆಯುತ್ತಾರೆ, ಹೊಲಕ್ಕೆ ಹಾಕಿ ನೋಡುತ್ತಾರೆ. ಶೇಂಗಾ ಹೂವಾಡುವ ಆಗಸ್ಟ್ ತಿಂಗಳಲ್ಲಿ, ಮೋಡ ಕಟ್ಟಿದರೂ ಹನಿ ಬೀಳದ ಒಂದು ದಿನ, ಅದನ್ನು ಸುತ್ತಿ ನೋಡಿದೆ.

ಗೇಟು ದಾಟಿದ ಕೂಡಲೇ ಬಲಕ್ಕೆ ಒಂದು ಗುಂಡಿ. ಆಳುದ್ದ ತೋಡಿ, ಒಂದು ಗೋಡೆಯನ್ನು ನೇರವಾಗಿ ಕೆತ್ತಿ ನಿಲ್ಲಿಸಿದ್ದಾರೆ. ಜೊತೆಗೆ ಬಂದ ಸಂಶೋಧಕಿ, ‘ಮೊದಲು ಇಲ್ಲಿ ಇಳಿಯಿರಿ, ಲ್ಯಾಬ್ ಆಮೇಲೆ ನೋಡೋಣ’ ಎಂದರು. ಇಳಿದೆ. ಮೇಲೆ ಗೇಣುದ್ದ ಮರಳು ಮಿಶ್ರಿತ ಸಡಿಲ ಕೆಂಪು ಮಣ್ಣು. ಅದರ ಕೆಳಗೆ ಸ್ವಲ್ಪ ಜಿಗುಟಾದ, ಇನ್ನೂ ಗಾಢವಾದ ಕೆಂಪು. ಸೊಂಟದ ಕೆಳಗೆ ಗರಸು. ಬೇರುಗಳು ಮೇಲಿನ ಒಂದು ಅಡಿಯಲ್ಲೇ ಹೆಣೆದುಕೊಂಡಿವೆ, ಗರಸಿಗೆ ತಲುಪಿದವು ಬೆರಳೆಣಿಕೆಯಷ್ಟು. ಮೇಲ್ಮೈಯಲ್ಲಿ ಬೆರಳಿನಿಂದ ತಟ್ಟಿದರೆ ಹೆಪ್ಪುಗಟ್ಟಿದ ತೆಳು ಪದರ ಹೆಕ್ಕಳಿಕೆಯಾಗಿ ಏಳುತ್ತದೆ. ಜೋರು ಮಳೆ ಬಿದ್ದಾಗ ಮಣ್ಣಿನ ಸಣ್ಣ ಕಣಗಳು ಕರಗಿ, ರಂಧ್ರಗಳಿಗೆ ಇಳಿದು, ಒಣಗುವಾಗ ಹೀಗೆ ಮುಚ್ಚಳ ಹಾಕುತ್ತವೆ. ಮುಂದಿನ ಮಳೆ ಒಳಗೆ ಇಳಿಯುವ ಬದಲು ಬದುವಿನ ಕಡೆ ಹರಿಯುತ್ತದೆ.

ಗುಂಡಿಯಲ್ಲೇ ನಿಂತು ಅವರು ಒಂದು ಲೆಕ್ಕ ಹೇಳಿದರು. ಅದನ್ನು ಅರಿಯದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಮಳೆ ನಿಂತು ಒಂದೆರಡು ದಿನದಲ್ಲಿ ಹೆಚ್ಚಿನ ನೀರೆಲ್ಲ ಬಸಿದುಹೋದ ಮೇಲೆ ಮಣ್ಣಲ್ಲಿ ಉಳಿಯುವ ತೇವ ಒಂದು ಮಟ್ಟ. ಗಿಡ ಬಾಡಿ, ರಾತ್ರಿ ಕಳೆದರೂ ಚೇತರಿಸಿಕೊಳ್ಳದಷ್ಟು ಮಣ್ಣು ಒಣಗಿದಾಗ ಇರುವ ತೇವ ಇನ್ನೊಂದು ಮಟ್ಟ. ಬೆಳೆಯ ಪಾಲಿಗೆ ನೀರು ಎಂದರೆ ಈ ಎರಡರ ನಡುವಿನದು ಮಾತ್ರ. ಇಂಥ ಮಸಾರಿ ಮಣ್ಣಿನಲ್ಲಿ ಅದು ಗಾತ್ರದ ಲೆಕ್ಕದಲ್ಲಿ ಶೇ. 10ರ ಆಸುಪಾಸು, ಎಂದರೆ ಒಂದು ಅಡಿ ಆಳದ ಮಣ್ಣು ಬೆಳೆಗೆ ಕೊಡಬಲ್ಲದ್ದು ಸುಮಾರು 30 ಮಿಲಿಮೀಟರ್ ನೀರು. ಎಲೆ ತುಂಬಿ ನಿಂತ ಶೇಂಗಾ ಬಿಸಿಲಿನ ದಿನದಲ್ಲಿ 4ರಿಂದ 5 ಮಿಮೀ ಕುಡಿಯುತ್ತದೆ. ಒಂದು ವಾರಕ್ಕೆ ಕಣಜ ಖಾಲಿ. ಈ ಭಾಗದಲ್ಲಿ ಎರಡು ಮಳೆಗಳ ನಡುವೆ ಮೂರು ವಾರ ಅಂತರ ಬೀಳುವುದು ಯಾರಿಗೂ ಹೊಸದಲ್ಲ. ಎರೆ ಭೂಮಿಯ ಜೇಡಿ ಇದಕ್ಕಿಂತ ಎಷ್ಟೋ ಹೆಚ್ಚು ನೀರು ಹಿಡಿಯುತ್ತದೆ, ಆದರೆ ಅದರಲ್ಲಿ ಒಂದು ಪಾಲನ್ನು ಬಿಗಿಯಾಗಿ ಇಟ್ಟುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಯಾವ ಪುಡಿ ಎಷ್ಟು ನೀರು ಹಿಡಿಯುತ್ತದೆ ಎಂದು ಕೇಳಿದರೆ ಅರ್ಧ ಪ್ರಶ್ನೆಯಾಯಿತು. ಹಿಡಿದದ್ದರಲ್ಲಿ ಎಷ್ಟನ್ನು ಬೇರಿಗೆ ಬಿಡುತ್ತದೆ ಎಂಬುದು ಉಳಿದರ್ಧ.

ಗುಂಡಿಯಿಂದ ಮೇಲೆ ಬಂದು ಉಗ್ರಾಣಕ್ಕೆ ಹೋದೆವು. ತಗಡಿನ ಸೂರಿನ ಉದ್ದನೆಯ ಕೋಣೆ. ಒಳಗೆ ಕಾಲಿಟ್ಟರೆ ಗಿರಣಿಯ ವಾಸನೆ, ಅದರ ಅಡಿಯಲ್ಲಿ ಸ್ವಲ್ಪ ಸೀಗಡಿ ಸಿಪ್ಪೆಯ ನಾತ. ಚೀಲಗಳ ಮೇಲೆ ಸೀಸದ ಕಡ್ಡಿಯಲ್ಲಿ ಬರೆದ ಚೀಟಿಗಳು: ಮೆಕ್ಕೆಜೋಳದ ಪಿಷ್ಟ, ಕಬ್ಬಿನ ಸಿಪ್ಪೆ, ತೆಂಗಿನ ನಾರಿನ ಪುಡಿ, ಸೀಗಡಿ ಸಿಪ್ಪೆಯಿಂದ ತೆಗೆದ ಕೈಟೋಸಾನ್. ಗೋರಿಕಾಯಿ ಬೀಜದ ಅಂಟು ಪುಡಿಯೂ ಇತ್ತು. ನಾವು ಪಲ್ಯಕ್ಕೆ ಬಳಸುವ ಅದೇ ಗೋರಿಕಾಯಿ. ಉತ್ತರ ಕರ್ನಾಟಕದಲ್ಲಿ ಚವಳಿಕಾಯಿ ಎನ್ನುತ್ತಾರೆ. ಇದರ ಬೀಜದ ಅಂಟಿಗೆ ಜಗತ್ತಿನ ದೊಡ್ಡ ಕಣಜ ರಾಜಸ್ಥಾನ. ಆದರೆ ಅದರ ದರ ಹೊಲದ ಕೈಯಲ್ಲಿಲ್ಲ. ಬಂಡೆ ಒಡೆದು ತೈಲ, ಅನಿಲ ತೆಗೆಯುವ ಉದ್ಯಮಕ್ಕೆ ಇದೇ ಅಂಟು ಬೇಕು. 2012ರ ಸುಮಾರಿಗೆ ಅಮೆರಿಕದಲ್ಲಿ ಆ ಬೇಡಿಕೆ ಏರಿದಾಗ ಇಲ್ಲಿ ಗೋರಿ ಬೀಜದ ಬೆಲೆ ಗಗನಕ್ಕೆ ಹೋಗಿತ್ತು. ಹೊಲಕ್ಕೆ ಹಾಕುವ ಪದಾರ್ಥವನ್ನು ಇಂಥ ಬೆಲೆಗೆ ಕಟ್ಟಿಹಾಕಬಾರದು ಎಂದು ನನಗೆ ಅಲ್ಲೇ ಅನ್ನಿಸಿತು.

ಮೂಲೆಯಲ್ಲಿದ್ದ ಹುಣಸೆ ಬೀಜದ ಹಿಟ್ಟಿನ ಚೀಲದ ಮುಂದೆ ಹೆಚ್ಚು ಹೊತ್ತು ನಿಂತೆ. ಇದು ಈ ನೆಲಕ್ಕೆ ಹೊಸತಲ್ಲ. ಚಳ್ಳಕೆರೆ ಸುತ್ತ ಕಂಬಳಿ ನೇಯುವವರು ಉಣ್ಣೆಯ ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಲ್ಲಿ ಒಣಗಿಸಿ ಗಟ್ಟಿ ಮಾಡಿಕೊಳ್ಳುತ್ತಾರೆ. ಆ ಗಂಜಿಗೆ ಅಂಟು ಬರಿಸುವ, ನೀರು ಕಂಡರೆ ಉಬ್ಬುವ ಗುಣವನ್ನೇ ಇಲ್ಲಿ ಮಣ್ಣಿಗೆ ಬಳಸಿಕೊಳ್ಳಲು ನೋಡುತ್ತಿದ್ದಾರೆ. ಬೀಜ ಹೆಚ್ಚಿನ ಊರುಗಳಲ್ಲಿ ಹುಳಿ ತೆಗೆದ ಮೇಲೆ ಉಳಿಯುವ ವಸ್ತು. ತುಮಕೂರಿನಿಂದ ಕೋಲಾರದವರೆಗೆ ಹುಣಸೆ ಮರಗಳಿಗೆ ಕೊರತೆಯಿಲ್ಲ. ಉಗ್ರಾಣದ ಎಲ್ಲ ಚೀಲಗಳಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಇದೇ. ಇದರಿಂದ ಆದ ಜೆಲ್ ಉಳಿದವಕ್ಕಿಂತ ಮೇಲೋ ಎಂದು ಕೇಳಿದರೆ ನಾನು ಹೇಳಲಾರೆ. ಮೂಲವಸ್ತು ಪಕ್ಕದ ತೋಪಿನಲ್ಲೇ ಸಿಗುತ್ತದೆ ಎನ್ನುವುದಷ್ಟೇ ನನ್ನ ಕಾರಣ.

ಅಲ್ಲಿಂದ ಲ್ಯಾಬ್. ಮೇಜಿನ ಮೇಲೆ ಒಂದು ಪಾತ್ರೆಯಲ್ಲಿ ಸೆಲ್ಯುಲೋಸಿನ ತಿಳಿ ಅಂಟನ್ನು ಯಂತ್ರ ಕಲಕುತ್ತಿತ್ತು. ಕಬ್ಬಿನ ಸಿಪ್ಪೆ, ಭತ್ತದ ಹುಲ್ಲಿನಂಥವುಗಳಿಂದ ಸೆಲ್ಯುಲೋಸ್ ತೆಗೆದು, ಕ್ಷಾರ ಮತ್ತು ಕ್ಲೋರೋ ಅಸಿಟಿಕ್ ಆಮ್ಲದಿಂದ ಸಂಸ್ಕರಿಸಿದರೆ ಅದು ನೀರಲ್ಲಿ ಕರಗುತ್ತದೆ. ಕರಗುವ ಪದಾರ್ಥ ಹೊಲದಲ್ಲಿ ಮೊದಲ ಮಳೆಗೇ ಹರಿದುಹೋಗುತ್ತದೆ. ಅದಕ್ಕೇ ಅದರ ಉದ್ದನೆಯ ಎಳೆಗಳ ನಡುವೆ ಅಲ್ಲಲ್ಲಿ ಕೊಂಡಿ ಹಾಕಬೇಕು. ಇಲ್ಲಿ ಕೊಂಡಿಗೆ ಬಳಸುವುದು ಸಿಟ್ರಿಕ್ ಆಮ್ಲ. ನಿಂಬೆಯ ಹುಳಿಯಲ್ಲಿ ಇರುವಂಥದ್ದೇ. ಬೆರೆಸಿ, ತಟ್ಟೆಗೆ ಹರಡಿ ಒಣಗಿಸಿ, ಓವನ್ನಿನಲ್ಲಿ ಬೇಯಿಸಿದರೆ ಕೊಂಡಿ ಬೀಳುತ್ತದೆ. ಆಮೇಲೆ ಪುಡಿ ಮಾಡಿ ಜರಡಿ ಹಿಡಿಯುತ್ತಾರೆ. ಒಂದು ಚಿಟಿಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ನನಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಪ್ರತಿ ಕಣವೂ ಪಾನಕಕ್ಕೆ ನೆನೆಹಾಕಿದ ಕಾಮಕಸ್ತೂರಿ ಬೀಜದ ಹಾಗೆ ಉಬ್ಬಿ ಪಾರದರ್ಶಕವಾಯಿತು.

ಕಷ್ಟವಿರುವುದು ಈ ಕೊಂಡಿಯ ಲೆಕ್ಕದಲ್ಲಿ. ಕೊಂಡಿ ಕಡಿಮೆಯಾದರೆ ಪುಡಿ ಚೆನ್ನಾಗಿ ಉಬ್ಬುತ್ತದೆ, ಆದರೆ ಲೋಳೆಯಾಗಿ ಕುಸಿದು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬೇಗ ತುತ್ತಾಗುತ್ತದೆ. ಹೆಚ್ಚಾದರೆ ಗಟ್ಟಿಯಾಗಿ, ಹೆಚ್ಚು ದಿನ ಬಾಳುತ್ತದೆ. ನೀರು ಹಿಡಿಯುವುದು ಕಡಿಮೆಯಾಗುತ್ತದೆ. ಶೇಂಗಾದ ಬೆಳೆಯವಧಿ ನಾಲ್ಕು ತಿಂಗಳ ಹತ್ತಿರ. ಅಷ್ಟು ದಿನ ಬಾಳಬೇಕು, ಅದಾದ ಮೇಲೆ ಉಳಿಯಬಾರದು. ನೀರು ಹಿಡಿಯುವ ಪದಾರ್ಥ ಮಾಡುವುದು ಎಂದೋ ಬಗೆಹರಿದ ವಿಷಯ. 1970ರ ದಶಕದಲ್ಲೇ ಅಮೆರಿಕದಲ್ಲಿ ಮೆಕ್ಕೆಜೋಳದ ಪಿಷ್ಟಕ್ಕೆ ಪೆಟ್ರೋಲಿಯಂ ಮೂಲದ ಎಳೆ ಕಸಿ ಮಾಡಿ ತನ್ನ ತೂಕದ ನೂರಾರು ಪಟ್ಟು ನೀರು ಕುಡಿಯುವ ಪುಡಿ ತಯಾರಿಸಿದ್ದರು. ಅದೇ ವಂಶದ ಪಾಲಿಅಕ್ರಿಲೇಟ್ ಇಂದು ಮಕ್ಕಳ ಡೈಪರಿನೊಳಗೆ ಇದೆ, ಕೃಷಿ ಅಂಗಡಿಯ ಪೊಟ್ಟಣಗಳಲ್ಲೂ ಇದೆ. ಸರಿಯಾದ ಹೊತ್ತಿಗೆ ಕೊಳೆಯುವ ಪುಡಿ ಮಾಡುವುದೇ ಬಾಕಿ ಉಳಿದಿರುವ ಕೆಲಸ. ದೇಶದಲ್ಲಿ ಈ ದಾರಿಯಲ್ಲಿ ನಡೆದವರು ಇಲ್ಲದಿಲ್ಲ: ದೆಹಲಿಯ ಕೃಷಿ ವಿಜ್ಞಾನಿಗಳು ಸೆಲ್ಯುಲೋಸ್ ಆಧಾರದ ಜೆಲ್ ರೂಪಿಸಿದ್ದಾರೆ, ರಾಜಸ್ಥಾನದಲ್ಲಿ ಕಿತ್ತಳೆ ಮತ್ತು ಬಾಳೆಯ ಸಿಪ್ಪೆಯಿಂದ ಇಂಥ ಪುಡಿ ತಯಾರಾಗುತ್ತಿದೆ.

ಪಕ್ಕದ ಮೇಜಿನಲ್ಲಿ ನೀರು ಹೀರುವ ಪರೀಕ್ಷೆ. ನೈಲಾನ್ ಬಟ್ಟೆಯ ಪುಟ್ಟ ಚೀಲಗಳಲ್ಲಿ ತೂಗಿದ ಪುಡಿ ತುಂಬಿ ನೀರಲ್ಲಿ ಇಳಿಬಿಟ್ಟಿದ್ದರು. ಹೀರಿದ ಮೇಲೆ ತೆಗೆದು, ತೊಟ್ಟಿಕ್ಕುವುದು ನಿಂತ ನಂತರ ಮತ್ತೆ ತೂಗುವುದು, ಇಷ್ಟೇ ವಿಧಾನ. ಮೂರು ಸಾಲು ಬೀಕರುಗಳಿದ್ದವು: ಒಂದರಲ್ಲಿ ಶುದ್ಧ ಬಟ್ಟಿ ಇಳಿಸಿದ ನೀರು, ಒಂದರಲ್ಲಿ ಹಿಡಿದಿಟ್ಟ ಮಳೆನೀರು, ಒಂದರಲ್ಲಿ ಅದೇ ತಾಣದ ಕೊಳವೆಬಾವಿಯ ನೀರು. ಮೊದಲಿನೆರಡು ಸಾಲಿನ ಚೀಲಗಳು ದಪ್ಪಗೆ ತುಂಬಿ ತೂಗುತ್ತಿದ್ದವು. ಮೂರನೆಯ ಸಾಲಿನವು ಜೋತುಬಿದ್ದಿದ್ದವು. ಪಾಲಿಅಕ್ರಿಲೇಟ್ ತುಂಬಿದ ಚೀಲದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಕಾರಣ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಜೆಲ್ಲಿನ ಎಳೆಗಳ ಮೇಲಿನ ಋಣ ವಿದ್ಯುದಂಶಗಳು ಒಂದನ್ನೊಂದು ದೂಡುವುದರಿಂದಲೇ ಅದು ಉಬ್ಬುವುದು. ಕ್ಯಾಲ್ಸಿಯಂ ಬಂದು ಎರಡೆರಡು ಎಳೆಗಳನ್ನು ಒಟ್ಟಿಗೆ ಹಿಡಿದುಬಿಟ್ಟರೆ ಉಬ್ಬಲು ಜಾಗವಿಲ್ಲ. ‘ಮುನ್ನೂರು ಪಟ್ಟು, ನಾನೂರು ಪಟ್ಟು’ ಎಂದು ಪೊಟ್ಟಣದ ಮೇಲೆ ಅಚ್ಚಾಗುವ ಸಂಖ್ಯೆ ಸಾಮಾನ್ಯವಾಗಿ ಶುದ್ಧ ನೀರಿನದು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರು ಎಂಥದ್ದೆಂದು ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಕಲೆಯೇ ಹೇಳುತ್ತದೆ.

ಇನ್ನೊಂದು ಸಂಗತಿಯೂ ಬೀಕರಿನಲ್ಲಿ ಕಾಣುವುದಿಲ್ಲ. ಹೊಲದಲ್ಲಿ ಕಣದ ಮೇಲೆ ಮಣ್ಣಿನ ಭಾರ ಇರುತ್ತದೆ. ನೀರಲ್ಲಿ ತೇಲುವಾಗ ಉಬ್ಬಿದಷ್ಟು ಮಣ್ಣಿನೊಳಗೆ ಉಬ್ಬಲಾರದು. ಮಣ್ಣಿನೊಳಗೆ ಹಿಡಿದ ನೀರಲ್ಲಿ ಎಷ್ಟು ಬೇರಿಗೆ ಸಿಗುತ್ತದೆ ಎಂದು ಅಳೆಯಲು ಒಳಕೋಣೆಯಲ್ಲಿ ದಪ್ಪ ಉಕ್ಕಿನ ಪಾತ್ರೆಗಳಿದ್ದವು. ಒಳಗೆ ಪಿಂಗಾಣಿಯ ಫಲಕ, ಅದರ ಮೇಲೆ ಜೆಲ್ ಬೆರೆಸಿದ ಒದ್ದೆ ಮಣ್ಣಿನ ಬಿಲ್ಲೆಗಳು. ಮುಚ್ಚಳ ಬಿಗಿದು ಗಾಳಿಯ ಒತ್ತಡ ಏರಿಸುತ್ತಾ ಹೋದರೆ ಮಣ್ಣು ಎಷ್ಟೆಷ್ಟಕ್ಕೆ ಎಷ್ಟೆಷ್ಟು ನೀರು ಬಿಡುತ್ತದೆ ಎಂದು ತಿಳಿಯುತ್ತದೆ. 15 ಬಾರ್ ಒತ್ತಡಕ್ಕೂ ಬಿಡದ ನೀರು ಗಿಡಕ್ಕೂ ಸಿಗದ ನೀರು. ಪಾತ್ರೆಯನ್ನು ಹೊರಗಿನಿಂದ ನೋಡಿದ್ದಷ್ಟೇ ನನ್ನ ಪಾಲಿಗೆ ಬಂದದ್ದು. ಒಂದು ಅಳತೆ ಮುಗಿಯಲು ದಿನಗಟ್ಟಲೆ ಬೇಕು.

ಅದೇ ಕೋಣೆಯ ಬಿಳಿ ಹಲಗೆಯ ಮೇಲೆ ಯಾರೋ ಮಾಡಿ ಅಳಿಸದೆ ಬಿಟ್ಟ ಲೆಕ್ಕವೊಂದಿತ್ತು. ಈ ಭೇಟಿಯಲ್ಲಿ ನಾನು ಕಂಡ ಅತಿ ಮುಖ್ಯ ವಸ್ತು ಅದು. ಇಂಥ ಜೆಲ್ಲನ್ನು ಹೆಕ್ಟೇರಿಗೆ 2.5ರಿಂದ 5 ಕಿಲೋ ಹಾಕಲು ಶಿಫಾರಸು ಮಾಡುವುದು ರೂಢಿ. ಎಕರೆಗೆ ಒಂದರಿಂದ ಎರಡು ಕಿಲೋ. ಎರಡು ಕಿಲೋ ಪುಡಿ ತನ್ನ ತೂಕದ 300 ಪಟ್ಟು ಹಿಡಿದರೂ ಆಗುವುದು 600 ಲೀಟರ್. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅದರ ಮೇಲೆ 1 ಮಿಮೀ ಮಳೆ ಬಿದ್ದರೆ 4,047 ಲೀಟರ್. ಹಾಗಾದರೆ ಎಕರೆಯ ಜೆಲ್ಲೆಲ್ಲ ಒಮ್ಮೆ ತುಂಬಿಕೊಳ್ಳುವ ನೀರು 0.15 ಮಿಮೀ ಮಳೆಗೆ ಸಮ. ದಿನಕ್ಕೆ 4 ಮಿಮೀ ಕುಡಿಯುವ ಬೆಳೆಗೆ ಇದು ಒಂದು ಗಂಟೆಯ ನೀರೂ ಅಲ್ಲ. ಪ್ರತಿ ಮಳೆಗೂ ಅದು ಮತ್ತೆ ತುಂಬಿಕೊಳ್ಳುತ್ತದೆ ನಿಜ. ಹತ್ತು ಮಳೆಗೆ ಹತ್ತು ಸಲ ತುಂಬಿದರೂ ಒಂದೂವರೆ ಮಿಮೀ.

ನಾನು ಆ ಹಲಗೆಯ ಮುಂದೆ ನಿಂತದ್ದನ್ನು ನೋಡಿ ಸಂಶೋಧಕಿ ಹೇಳಿದರು: ‘ಹೊಲಕ್ಕೆಲ್ಲ ಎರಚಿದರೆ ಇದೇ ಗತಿ. ಬೀಜದ ಸಾಲಲ್ಲಿ ಬಿಟ್ಟರೆ ಲೆಕ್ಕ ಬೇರೆ.’ ಅವರೇ ಮಾರ್ಕರ್ ಹಿಡಿದು ಬರೆದರು. ಸಾಲಿನಿಂದ ಸಾಲಿಗೆ 30 ಸೆಂ.ಮೀ. ಅಂತರ. ಕೂರಿಗೆಯ ಸಾಲಿನಲ್ಲಿ 5 ಸೆಂ.ಮೀ. ಅಗಲಕ್ಕೆ ಮಾತ್ರ ಜೆಲ್ ಬಿದ್ದರೆ ಎಕರೆಯ ಆರನೆಯ ಒಂದು ಪಾಲಿನಲ್ಲಿ ಎಲ್ಲವೂ ಸೇರುತ್ತದೆ. ಆ ಪಟ್ಟಿಯೊಳಗೆ 0.15 ಮಿಮೀ ಹೋಗಿ 0.9 ಮಿಮೀ ಆಗುತ್ತದೆ. ಬೀಜ ಕೂತ ಮೇಲಿನ 5 ಸೆಂ.ಮೀ. ಮಣ್ಣು ಕೊಡಬಲ್ಲದ್ದೇ 5 ಮಿಮೀ. ಅದಕ್ಕೆ ಹತ್ತಿರ ಹತ್ತಿರ 1 ಮಿಮೀ ಸೇರಿದರೆ ಐದರಲ್ಲಿ ಒಂದು ಪಾಲು ಹೆಚ್ಚಿದಂತೆ. ಬಿತ್ತಿದ ಮೇಲೆ ಮಳೆ ಒಂದೆರಡು ದಿನ ತಡವಾದಾಗ ಮೊಳಕೆ ಒಣಗದಂತೆ ಕಾಯಲು ಇದು ನೆರವಾಗಬಹುದು. ಎರಡೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟುಕೊಳ್ಳದೆ ಈ ಪುಡಿಯ ಬಗ್ಗೆ ಮಾತಾಡುವುದು ರೈತನಿಗೆ ಮಾಡುವ ಅನ್ಯಾಯ.

ಅಲ್ಲಿಂದ ಮುಂದಿನದು ಕೊಳೆಯುವ ಕೋಣೆ. ಕಪಾಟುಗಳಲ್ಲಿ ಸಾಲಾಗಿ ಮುಚ್ಚಿದ ಗಾಜಿನ ಜಾಡಿಗಳು. ಪ್ರತಿ ಜಾಡಿಯಲ್ಲಿ ಹೊಲದ ಮಣ್ಣು, ಅದರೊಳಗೆ ತೂಗಿ ಬೆರೆಸಿದ ಜೆಲ್, ಮೇಲೆ ಒಂದು ಪುಟ್ಟ ಬಟ್ಟಲಿನಲ್ಲಿ ಕ್ಷಾರದ ದ್ರಾವಣ. ಸೂಕ್ಷ್ಮಜೀವಿಗಳು ಜೆಲ್ಲನ್ನು ತಿಂದಂತೆ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತವೆ, ಕ್ಷಾರ ಅದನ್ನು ಹೀರುತ್ತದೆ. ಆಗಾಗ ಬಟ್ಟಲು ತೆಗೆದು ಎಷ್ಟು ಹೀರಿದೆ ಎಂದು ಅಳೆದರೆ ಎಷ್ಟು ಕೊಳೆತಿದೆ ಎಂಬ ಲೆಕ್ಕ ಸಿಗುತ್ತದೆ. ಬರಿಗಣ್ಣಿಗೆ ಪುಡಿ ಕಾಣದಾದರೆ ಕೊಳೆಯಿತು ಎಂದು ನಂಬುವ ಹಾಗಿಲ್ಲ. ಸಣ್ಣ ಚೂರುಗಳಾಗಿ ಮಣ್ಣಲ್ಲಿ ಸೇರಿಕೊಂಡಿರಬಹುದು. ಪಾಲಿಅಕ್ರಿಲೇಟಿನ ಮೇಲಿನ ಆಕ್ಷೇಪವೂ ಅದೇ. ಅದರ ಬೆನ್ನೆಲುಬು ಇಂಗಾಲ–ಇಂಗಾಲದ ಸರಪಳಿ. ಮಣ್ಣಿನ ಜೀವಿಗಳಿಗೆ ಅದನ್ನು ಕಡಿಯುವುದು ಬಲು ನಿಧಾನದ ಕೆಲಸ. ಪಿಷ್ಟ, ಸೆಲ್ಯುಲೋಸುಗಳ ಸಕ್ಕರೆ ಕೊಂಡಿಗಳನ್ನು ಕಡಿಯುವ ಕಿಣ್ವ ಅವಕ್ಕೆ ಹುಟ್ಟಿನಿಂದಲೇ ಇದೆ.

‘ಕೊಳೆಯುತ್ತದೆ’ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದಾದ ಕಾಲ ಕೆಲವು ಕಡೆ ಮುಗಿಯುತ್ತಿದೆ. ಯುರೋಪ್ ಒಕ್ಕೂಟದ 2019ರ ರಸಗೊಬ್ಬರ ನಿಯಮದಲ್ಲಿ ಇಂಥ ಪಾಲಿಮರಿಗೆ ಕಟ್ಟುನಿಟ್ಟಿನ ಅಳತೆಯಿದೆ: ಅದು ಕೆಲಸ ಮಾಡುತ್ತದೆಂದು ಹೇಳಿಕೊಂಡ ಅವಧಿ ಮುಗಿದ 48 ತಿಂಗಳೊಳಗೆ ಅದರ ಸಾವಯವ ಇಂಗಾಲದ ಶೇ. 90 ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು. ಜಾಡಿಗಳನ್ನು ಇಟ್ಟ ಕೋಣೆಯ ಉಷ್ಣತೆಯನ್ನೂ ನಾನು ಕೇಳಿದೆ. ಹೊಲದ ಮಣ್ಣಿಗೆ ಹತ್ತಿರವಾಗಿ, 25 ಡಿಗ್ರಿ. ಅದು ಮುಖ್ಯ; ಏಕೆಂದರೆ ಕೆಲವು ಪದಾರ್ಥಗಳನ್ನು 58 ಡಿಗ್ರಿಯ ಕಾಂಪೋಸ್ಟ್ ರಾಶಿಯಲ್ಲಿ ಪರೀಕ್ಷಿಸಿ ‘ಕೊಳೆಯುತ್ತದೆ’ ಎಂಬ ಮುದ್ರೆ ಒತ್ತುತ್ತಾರೆ. ನಮ್ಮ ಯಾವ ಹೊಲವೂ ತಿಂಗಳುಗಟ್ಟಲೆ ಅಷ್ಟು ಬಿಸಿಯಾಗಿ, ಒದ್ದೆಯಾಗಿ ಇರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮಣ್ಣು ಒಣಗಿದರೆ ಕೊಳೆಯುವಿಕೆಯೂ ನಿಲ್ಲುತ್ತದೆ.

ಹಿಂಬಾಗಿಲಿನಿಂದ ಹೊರಗೆ ಬಂದರೆ ಹೊಲ. ಮೊದಲ ಬದುವಿನ ಪಕ್ಕ ಜೆಲ್ ತುಂಬಿದ ಜಾಲರಿ ಚೀಲಗಳನ್ನು ಗೇಣು ಆಳದಲ್ಲಿ ಹೂತು, ಮೇಲೆ ಕಡ್ಡಿ ನೆಟ್ಟು ಗುರುತಿಟ್ಟಿದ್ದಾರೆ. ಹೊಲ ನೋಡಿಕೊಳ್ಳುವ ಹಿರಿಯರೊಬ್ಬರು ಒಂದನ್ನು ಅಗೆದು ತೆಗೆದರು. ಜಾಲರಿಯೊಳಗೆ ಜೆಲ್ಲಿಗಿಂತ ಹೆಚ್ಚಾಗಿ ಕೆಂಪು ಮಣ್ಣೇ ತುಂಬಿತ್ತು, ನಡುವೆ ಬಿಳಿ ಬೂಸಲು. ಚೀಲದ ಒಂದು ಬದಿ ಗೆದ್ದಲಿನ ಪಾಲಾಗಿತ್ತು. ‘ಗಂಜಿ, ಸಿಪ್ಪೆ ಇಟ್ರೆ ಗೆದ್ಲು ಬಿಡ್ತದಾ ಸಾಮಿ’ ಎಂದರು ಅವರು. ಕಾಗದದ ಮೇಲಿನ ಕೊಳೆಯುವ ವೇಗ ಬೇರೆ, ಗೆದ್ದಲು ಇರುವ ಹೊಲದ ವೇಗ ಬೇರೆ. ಸಂಶೋಧಕಿ ಇನ್ನೊಂದು ಎಚ್ಚರ ಹೇಳಿದರು: ಪಿಷ್ಟದಂಥ ಸುಲಭದ ಆಹಾರ ಮಣ್ಣಿಗೆ ಒಮ್ಮೆಲೇ ಹೆಚ್ಚು ಬಿದ್ದರೆ ಸೂಕ್ಷ್ಮಜೀವಿಗಳು ಮೈದುಂಬಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಕೆಲವು ದಿನ ಬೆಳೆ ಹಳದಿಗೆ ತಿರುಗಬಹುದು. ಪ್ರಮಾಣ ಕಡಿಮೆ ಇಡಬೇಕೆನ್ನುವುದಕ್ಕೆ ಅದೂ ಒಂದು ಕಾರಣ.

ಶೇಂಗಾ ತಾಕುಗಳು ಆಚೆಗಿದ್ದವು. ಹಗ್ಗ ಕಟ್ಟಿ ವಿಂಗಡಿಸಿದ ಚೌಕಗಳು, ಪ್ರತಿ ಚೌಕಕ್ಕೆ ಒಂದು ಫಲಕ. ಫಲಕದ ಮೇಲೆ ಹೆಸರಿಲ್ಲ, ಬರೀ ಅಂಕಿ. ಗಿಡ ಹೂ ಬಿಟ್ಟು, ಮೊನೆಗಳು ನೆಲಕ್ಕೆ ಇಳಿಯಲು ಶುರುವಾದ ಹೊತ್ತು. ನೆಲ ಮೆತ್ತಗಿಲ್ಲದಿದ್ದರೆ ಮೊನೆ ಒಳಗೆ ಹೋಗದೆ ಕಾಯಿ ಕಟ್ಟುವುದಿಲ್ಲ, ಅದಕ್ಕೇ ಈ ಮೂರು ವಾರ ಶೇಂಗಾಕ್ಕೆ ಪ್ರಾಣಸಂಕಟದ ಕಾಲ. ಯಾವುದಕ್ಕೆ ಜೆಲ್ ಹಾಕಿದೆ, ಯಾವುದಕ್ಕೆ ಇಲ್ಲ ಎಂದು ಗುರುತಿಸಲು ನಾನು ಸಾಲಿನಿಂದ ಸಾಲಿಗೆ ನಡೆದೆ. ಕಣ್ಣಳತೆಯಲ್ಲಿ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಒಂದೆರಡು ಚೌಕಗಳಲ್ಲಿ ಸಾಲು ತಪ್ಪದೆ ಗಿಡ ಎದ್ದಂತೆ ಕಂಡಿತು, ಅದು ಜೆಲ್ಲಿನ ಗುಣವೋ ಬೀಜ ಬಿದ್ದ ಬಗೆಯೋ ಹೇಳಲಾರೆ. ಕೊಯ್ಲಾಗಿ, ಒಣಗಿಸಿ, ತೂಗದೆ ಅಲ್ಲಿಯವರೂ ಹೇಳುವುದಿಲ್ಲ.

ಒಂದು ತಾಕು ಮಾತ್ರ ದೂರದಿಂದಲೇ ಬೇರೆಯಾಗಿ ಕಂಡಿತು. ಮಣ್ಣಿನ ಬಣ್ಣವೇ ಕಂದು, ಎಲೆ ಗಾಢ ಹಸಿರು. ಅದಕ್ಕೆ ಯಾವ ಪುಡಿಯನ್ನೂ ಹಾಕಿರಲಿಲ್ಲ. ಹತ್ತಿರದ ಕೆರೆಯ ಗೋಡು ಹೊಡೆಸಿ, ಕೊಟ್ಟಿಗೆ ಗೊಬ್ಬರ ಹರಡಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಗೋಡು ಹೊಡೆಯುವುದು ನಮ್ಮ ಮಸಾರಿ ಹೊಲಗಳ ಹಳೆಯ ವಾಡಿಕೆ. ಮರಳು ಮಣ್ಣಿಗೆ ಜೇಡಿ ಸೇರಿಸಿದರೆ ನೀರು ನಿಲ್ಲುತ್ತದೆ ಎಂಬುದನ್ನು ಯಾವ ಲ್ಯಾಬೂ ಹೇಳಿಕೊಡಬೇಕಾಗಿರಲಿಲ್ಲ. ಜೇಡಿ ಕೊಳೆಯುವ ವಸ್ತುವಲ್ಲ. ಒಮ್ಮೆ ಹೊಡೆದದ್ದು ವರ್ಷಗಟ್ಟಲೆ ಉಳಿಯುತ್ತದೆ. ಕೊಳೆಯುವ ಜೆಲ್ಲಿಗೆ ಪ್ರತಿ ವರ್ಷ ದುಡ್ಡು ತೆರಬೇಕು. ಗೋಡಿಗೂ ಟ್ರ್ಯಾಕ್ಟರ್ ಬಾಡಿಗೆ ಇದೆ, ಕೆರೆ ಹತ್ತಿರವಿರಬೇಕು, ಊರಿಗೆಲ್ಲ ಸಾಕಾಗುವಷ್ಟು ಇರುವುದಿಲ್ಲ. ಹಾಗಿದ್ದೂ ಪಕ್ಕದಲ್ಲಿ ಈ ತಾಕನ್ನು ಇಟ್ಟುಕೊಂಡು ಹೋಲಿಸುತ್ತಿರುವುದು ಈ ತಾಣದ ಪ್ರಾಮಾಣಿಕತೆ ಎಂದು ನನಗೆ ಅನ್ನಿಸಿತು. ಬರಿಯ ಖಾಲಿ ಹೊಲದ ಜೊತೆ ಹೋಲಿಸಿದರೆ ಯಾವ ಪುಡಿಯೂ ಗೆಲ್ಲುತ್ತದೆ.

ಗೊಬ್ಬರದ ಲೆಕ್ಕವೂ ಸುಲಭದ್ದಲ್ಲ. ಮಣ್ಣಿನ ಸಾವಯವ ಇಂಗಾಲ ಶೇ. 1ರಷ್ಟು ಏರಿದರೆ ಪ್ರತಿ 100 ಮಿಮೀ ಆಳಕ್ಕೆ ಬೆಳೆಗೆ ಸಿಗುವ ನೀರು ಸರಾಸರಿ 1.2 ಮಿಮೀ ಹೆಚ್ಚುತ್ತದೆ, ಮರಳು ಮಣ್ಣಿನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ. ಅರ್ಧ ಅಡಿ ಆಳಕ್ಕೆ ಎಕರೆಗೆ ಏಳು ಸಾವಿರ ಲೀಟರಿನ ಸುಮಾರು. ಜೆಲ್ಲಿನ 600 ಲೀಟರಿನ ಮುಂದೆ ದೊಡ್ಡದೇ. ಆದರೆ ಅಷ್ಟು ಏರಿಸಲು ಎಕರೆಗೆ 9 ಟನ್ನಿನ ಹತ್ತಿರ ಬರೀ ಇಂಗಾಲ ಮಣ್ಣಲ್ಲಿ ನಿಲ್ಲಬೇಕು, ಹಾಕಿದ ಗೊಬ್ಬರದ ಬಹುಪಾಲು ನಮ್ಮ ಬಿಸಿಲಿಗೆ ಕರಗಿಯೇ ಹೋಗುತ್ತದೆ. ಶೇ. 0.5ಕ್ಕಿಂತ ಕಡಿಮೆ ಇಂಗಾಲದ ಹೊಲಗಳಲ್ಲಿ ಇದು ಒಂದು ತಲೆಮಾರಿನ ಕೆಲಸ.

ಕೊನೆಗೆ ನೋಡಿದ್ದು ತಾಣದ ಅಂಚಿನ ಸಸಿ ಗುಂಡಿಗಳು. ಹುಣಸೆ, ಸೀತಾಫಲ, ನೆಲ್ಲಿ. ಇಲ್ಲಿ ಜೆಲ್ಲನ್ನು ಮೊದಲೇ ನೀರಲ್ಲಿ ನೆನೆಸಿ, ಗುಂಡಿಯ ಮಣ್ಣಿಗೆ ಕಲಸಿ ಹಾಕುತ್ತಾರೆ. ಒಣಪುಡಿಯನ್ನೇ ಹೆಚ್ಚಾಗಿ ಸುರಿದರೆ ಮಳೆ ಬಂದಾಗ ಅದು ಉಬ್ಬಿ ಸಸಿಯನ್ನೇ ಮೇಲೆತ್ತುತ್ತದಂತೆ. ಗುಂಡಿಯಲ್ಲಿ ಬೇರು, ಜೆಲ್, ನೀರು ಮೂರೂ ಒಂದೇ ಕಡೆ ಇರುತ್ತವೆ. ಎಕರೆಗೆಲ್ಲ ಹಂಚುವ ಪ್ರಶ್ನೆಯಿಲ್ಲ. ಎರಡನೆಯ ಮಳೆಗಾಲದ ಹೊತ್ತಿಗೆ ಬೇರು ಕೆಳಗಿಳಿದಿರುತ್ತದೆ, ಜೆಲ್ ಕೊಳೆತರೂ ನಷ್ಟವಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊತ್ತು ಸಸಿ ಉಳಿಸಿಕೊಳ್ಳುವವರು ನಮ್ಮಲ್ಲಿ ಎಷ್ಟೋ ಮಂದಿ. ಹೊಲದ ತಾಕಿನಲ್ಲಿ ನನಗಿದ್ದ ಅನುಮಾನ ಇಲ್ಲಿ ಇರಲಿಲ್ಲ: ಕೊಳೆಯುವ ಜೆಲ್ಲಿನ ಮೊದಲ ಜಾಗ ಸಸಿ ಗುಂಡಿ, ಎರಡನೆಯದು ನರ್ಸರಿಯ ಪಾತಿ, ಮೂರನೆಯದು ಬೀಜದ ಸಾಲು. ಇಡೀ ಹೊಲಕ್ಕೆ ಎರಚುವ ವಸ್ತು ಇದಲ್ಲ.

ಅಂಗಡಿಯಲ್ಲಿ ಇಂಥ ಪೊಟ್ಟಣ ಕೊಳ್ಳುವ ಮೊದಲು ಅದರ ಮೇಲೆ ಪಾಲಿಅಕ್ರಿಲೇಟ್ ಅಥವಾ ಪಾಲಿಅಕ್ರಿಲಮೈಡ್ ಎಂದು ಬರೆದಿದೆಯೇ ನೋಡಿ. ಬರೆದಿದ್ದರೆ ಅದು ಸುಲಭಕ್ಕೆ ಕೊಳೆಯುವ ಜಾತಿಯದ್ದಲ್ಲ. ಏನನ್ನೂ ಬರೆಯದಿದ್ದರೆ ಕೇಳಿ ತಿಳಿದುಕೊಳ್ಳಿ. ಆಮೇಲೆ ಒಂದು ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿಗೆ ಹಾಕಿ ಅರ್ಧ ದಿನ ಬಿಡಿ. ಶುದ್ಧ ನೀರಲ್ಲ, ನಿಮ್ಮದೇ ಕೊಳವೆಬಾವಿಯ ನೀರು. ತೆಳು ಬಟ್ಟೆಯಲ್ಲಿ ಸೋಸಿ, ತೊಟ್ಟಿಕ್ಕುವುದು ನಿಂತ ಮೇಲೆ ಜೆಲ್ಲನ್ನು ತೂಗಿ. ಎಷ್ಟು ಗ್ರಾಂ ಬಂತೋ ನಿಮ್ಮ ನೀರಿನಲ್ಲಿ ಅದು ಅಷ್ಟು ಪಟ್ಟು ಹಿಡಿಯುತ್ತದೆ. ಹಣ ಕೊಡುವುದು ಆ ಸಂಖ್ಯೆಗೆ, ಪೊಟ್ಟಣದ ಮೇಲಿನ ಸಂಖ್ಯೆಗಲ್ಲ.